ಅಣಬೆರೋಗದ ಶಿಲೀಂಧ್ರ

ಗ್ಯಾನೊಡರ್ಮ ಕುಲಕ್ಕೆ ಸೇರಿದ, ವೃಕ್ಷಗಳ ಬೇರು ಬುಡಗಳನ್ನು ಕೊಳೆಯಿಸುವ ಶಿಲೀಂಧ್ರ. ಕರ್ಣಾಟಕದ ಅಡಕೆತೋಟಗಳಲ್ಲಿ ಈ ವ್ಯಾಧಿಗೆ ಅಣಬೆರೋಗವೆಂಬ ಹೆಸರು ರೂಢವಾಗಿದೆ. ಗುಲ್ಮೊಹರ್, ಹೊಂಗೆ ಮೊದಲಾದ ಸಾಲುಮರಗಳೂ ಇದಕ್ಕೆ ತುತ್ತಾಗುವುದುಂಟು.

ಸಂತಾನೋತ್ಪತ್ತಿ: ಕಾಂಡದ ಬುಡದಿಂದ ಹೊರಚಾಚಿ, ಅರಗು ಬಳಿದಂತೆ ಹೊಳೆಯುವ ಅಣಬೆಯೇ ಇದರ ಫಲಕಾಯ. ಅದರ ತಳದ ಸೂಕ್ಷ್ಮರಂಧ್ರಗಳ ಒಳಮೈಯನ್ನು ಆವರಿಸಿದ ಗದಾಕಾರದ ಕೋಶಗಳಲ್ಲಿ ಎರಡು ನ್ಯೂಕ್ಲಿಯಸ್ಸುಗಳು ಐಕ್ಯಗೊಂಡು, ಬಳಿಕ ಮಿಯಾಸಿಸ್ ಎಂಬ ಸಂಖ್ಯಾಕ್ಷೀಣ ವಿಭಜನೆ ನಡೆದು, ನಾಲ್ಕು ಕಂದು ಬೀಜಾಣುಗಳು ಜನಿಸಿ ಗಾಳಿಯಲ್ಲಿ ಹರಡುವುವು.

ತಳಿವಿಜ್ಞಾನ: ಒಂಟಿ ಬೀಜಾಣುವಿನಿಂದ ಮೊಳೆತ ತಂತುವಿನ ಕೋಶಗಳಲ್ಲಿ ಒಂದು ಬಗೆಯ ನ್ಯೂಕ್ಲಿಯಸ್ಸು ಮಾತ್ರವಿದ್ದು, ಅದು ಯೋಗ್ಯವಾದ ಮತ್ತೊಂದು ತಂತುವಿನೊಡನೆ ಕೂಡಿದ ಮೇಲೆಯೇ ಫಲಕಾಯವನ್ನು ತಳೆಯಬಲ್ಲ ದ್ವಿಕೇಂದ್ರಕ ಜಾಲ ಸಿದ್ಧವಾಗುವುದು. ಈ ಯೋಗ್ಯತೆಯನ್ನು ಎ, ಬಿ ಎಂಬ ಎರಡು ಸ್ವತಂತ್ರ ಜೀನುನೆಲೆಗಳು ನಿರ್ಧರಿಸುವುವು. ಎರಡರಲ್ಲಿಯೂ ಭೇದವಿದ್ದಲ್ಲದೆ ಸಂಯೋಗ ಪೂರ್ಣವಾಗದು. ಆದಕಾರಣ ಒಂದೇ ಅಣಬೆಯ ಬೀಜಾಣುಗಳಲ್ಲಿ ನಾಲ್ಕು ಬಗೆಗಳಿದ್ದು, ಸೋದರರ ನಡುವಣ ಜೋಡಿಗಳಲ್ಲಿ ಕಾಲುಪಾಲು ಮಾತ್ರ ಫಲಿಸುವುವು. ಆದರೆ ಈ ನೆಲೆಗಳ ಪರ್ಯಾಯ ರೂಪಗಳು ಅನೇಕವಾಗಿರುವುದರಿಂದ ಅನ್ಯಮೂಲದ ಬೀಜಾಣುಗಳು ಬಹುಮಟ್ಟಿಗೆ ಪರಸ್ಪರ ಕೂಡಬಲ್ಲವು. ಹೀಗೆ ತಳಿವೈವಿಧ್ಯ ವರ್ಧಿಸುತ್ತದೆ.

ನಿವಾರಣೆ: ನೆಲದೊಳಗೆ ರೋಗವು ಬೇರಿನಿಂದ ಬೇರಿಗೆ ದಾಟುವುದರಿಂದ, ಸತ್ತ ಮರದ ಬೊಡ್ಡೆಯನ್ನು ಬೇರುಸಹಿತ ಕಿತ್ತು ಸುಡುವುದೇ ಮುಖ್ಯೋಪಾಯ.