ಊರಿನ ಟಿವಿ, ಮನೆಯ ಮೊಬೈಲ್

ಕಲಬುರಗಿಯ ಖೂಬಾ ಪ್ಲಾಟಿನಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರಕ್ಕೆ ಸುಮಾರು ಒಂದು ತಾಸಿನ ದಾರಿ. ಈ ಎರಡರ ಅಂತರವನ್ನು ನಾವು ರಸ್ತೆ, ನೀರು, ಮನೆಗಳನ್ನು ನೋಡಿ ಅಳೆಯುತ್ತೇವೆ. ಮಕ್ಕಳ ಪಾಠಕ್ಕೆ ಬಂದ ಯಂತ್ರಗಳನ್ನು ನೋಡಿ ಅಳೆದರೆ ಜಿಲ್ಲೆಯ ಇತಿಹಾಸ ಬೇರೆಯೇ ಕಾಣುತ್ತದೆ.

1975ರ ಆಗಸ್ಟ್ 1ರಂದು ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ಶುರುವಾಯಿತು. ಉಪಗ್ರಹ ಅಮೆರಿಕದ ನಾಸಾದ್ದು, ನೆಲದ ಮೇಲಿನ ಏರ್ಪಾಡು ಇಸ್ರೋದ್ದು. ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಹಿಂದುಳಿದಿರುವಿಕೆಯೇ ಅಲ್ಲಿ ಅರ್ಹತೆಯಾಗಿತ್ತು. ತಂತಿ ಜಾಲರಿಯ ದೊಡ್ಡ ಆಂಟೆನಾ, ಇಡೀ ಊರಿಗೆ ಒಂದು ಟಿವಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಒಂದೂವರೆ ತಾಸು. ಅದನ್ನು ನಾಲ್ಕು ಭಾಷೆಗಳು ಹಂಚಿಕೊಂಡಿದ್ದರಿಂದ ಕನ್ನಡಕ್ಕೆ ಸಿಕ್ಕಿದ್ದು ಸುಮಾರು 22 ನಿಮಿಷ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ.

36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ಪೇಟೆ ಹತ್ತಿರ, ಹಳ್ಳಿ ದೂರ ಎಂಬುದಿಲ್ಲ. ಗುಲ್ಬರ್ಗ ನಗರಕ್ಕೆ ಆಗ ಟಿವಿ ಪ್ರಸಾರ ಕೇಂದ್ರವೇ ಇರಲಿಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹವನ್ನು ನಾಸಾ ವಾಪಸ್ ಒಯ್ದಿತು. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ಆದರೆ ನೆಲದ ಟವರಿಗೆ ದೂರದ ಲೆಕ್ಕ ಉಂಟು: ಹತ್ತಿರದವರಿಗೆ ಚಿತ್ರ ಸ್ವಚ್ಛ, ದೂರದವರಿಗೆ ಮಸುಕು.

ಆಮೇಲೆ ಟಿವಿ ಊರಿನ ಕಟ್ಟೆ ಬಿಟ್ಟು ಮನೆಯೊಳಗೆ ಹೋಯಿತು. 2001ರ ಜನಗಣತಿ ಮನೆಯಲ್ಲಿ ಟಿವಿ ಇದೆಯೇ ಎಂದು ಕೇಳಿತು; 2011ರದ್ದು ಕಂಪ್ಯೂಟರ್, ಇಂಟರ್‌ನೆಟ್ ಇದೆಯೇ ಎಂದೂ ಕೇಳಿತು. ಊರಿನ ಪಾಠದ ಸಾಧನವಾಗಿದ್ದದ್ದು ಕುಟುಂಬದ ಜೀವನಮಟ್ಟದ ಗುರುತಾಯಿತು.

ಇದರ ಪರಿಣಾಮ ಕಂಡದ್ದು 2020ರಲ್ಲಿ. ಕೊರೊನಾದಿಂದ ಶಾಲೆ ಮುಚ್ಚಿದಾಗ ಸರ್ಕಾರ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಹಾಕಿತು, ‘ವಿದ್ಯಾಗಮ’ ತಂದಿತು. ವಿದ್ಯಾಗಮದಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದ್ದರು: ಮೊಬೈಲೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಮೊಬೈಲ್ ಇದ್ದವರು, ಇಂಟರ್‌ನೆಟ್ ಇದ್ದವರು. ಅಪ್ಪ-ಅವ್ವನ ಕಿಸೆ ನೋಡಿ ಮಗುವಿಗೆ ಪಾಠ ಎಂಬುದು ಸರ್ಕಾರಿ ಕಾಗದದ ಮೇಲೇ ಬಂದುಬಿಟ್ಟಿತು. ಮೊದಲ ಗುಂಪಿನ ಮಕ್ಕಳಿಗಾಗಿ ಗುಡಿಯ ಅಂಗಳ, ಮರದ ನೆರಳಿಗೆ ಹೋಗಿ ಪಾಠ ಮಾಡಿದವರು ಶಿಕ್ಷಕರೇ.

ಈ ಅಂತರ ಲೆಕ್ಕದಲ್ಲಿ ಕಾಣುವುದೂ ಕಷ್ಟ. ಪ್ರಾದೇಶಿಕ ಅಸಮತೋಲನ ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚ್ಯಂಕಗಳನ್ನು ಬಳಸಿತು; ಅಳತೆಯ ಘಟಕ ತಾಲ್ಲೂಕು. ಕಮಲಾಪುರ ಆಗ ಗುಲ್ಬರ್ಗ ತಾಲ್ಲೂಕಿನದೇ ಹೋಬಳಿ. ಹೀಗಾಗಿ ಖೂಬಾ ಪ್ಲಾಟಿನ ಮನೆ, ಕಮಲಾಪುರದ ಕೆಂಪು ಬಾಳೆ ಬೆಳೆಯುವವನ ಮನೆ ಎರಡೂ ಒಂದೇ ಸರಾಸರಿಯಲ್ಲಿ ಸೇರಿಹೋದವು. 2018ರಲ್ಲಿ ಕಮಲಾಪುರ ಬೇರೆ ತಾಲ್ಲೂಕಾದ ಮೇಲೆ ಅದರ ಅಂಕಿ ಬೇರೆಯಾಗಿ ಸಿಗುವ ದಾರಿ ತೆರೆದಿದೆ.

ಆ ಅಂಕಿ ಕೇಳುವುದು ನಮ್ಮಂಥ ಜಿಲ್ಲಾ ವರದಿಗಾರರ ಕೆಲಸ. ಸ್ಮಾರ್ಟ್ ಕ್ಲಾಸ್ ಎಷ್ಟು ಶಾಲೆಗೆ ಬಂತು ಎಂದಷ್ಟೇ ಬರೆದು ಮುಗಿಸಬಾರದು. ಅದು ನಡೆಯುತ್ತಿದೆಯೇ, ಕೆಟ್ಟರೆ ರಿಪೇರಿ ಯಾರದು, ಶಾಲೆ ಬಿಟ್ಟ ಮೇಲೆ ಆ ಪಾಠ ಮಗುವಿಗೆ ಎಲ್ಲಿ ಸಿಗುತ್ತದೆ ಎಂದೂ ಕೇಳಬೇಕು. ಊರಿಗೊಂದು ಯಂತ್ರ ಇಟ್ಟು, ಎಲ್ಲ ಮಕ್ಕಳನ್ನು ಅದರ ಮುಂದೆ ಕೂಡಿಸಿದ ಅನುಭವ ಈ ಜಿಲ್ಲೆಗೆ ಒಂದು ವರ್ಷದ ಮಟ್ಟಿಗಾದರೂ ಇದೆ.