ಪಾಲಿಗೆ ಬಂದದ್ದು ಪಂಚಾಮೃತ... ಸರಿ, ಆದರೆ ಪಾಲು ಎಷ್ಟು?

ನಮ್ಮ ಕಡೆ, ಅಂದರೆ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಸುತ್ತಮುತ್ತ, ಕಪಿಲೆಯ ನಾಲೆ ನೀರು ಹರಿಯುವ ಗದ್ದೆಗಳಲ್ಲಿ ಭತ್ತಕ್ಕೆ ಎರಡು ಕುಯ್ಲು ಇರುತ್ತಿತ್ತು. ಮೊದಲನೆಯದು ಗದ್ದೆಯವರದು. ಎರಡನೆಯದಕ್ಕೆ ಕುಡುಗೋಲು ಬೇಡ, ಬಗ್ಗುವ ಸೊಂಟ ಇದ್ದರೆ ಸಾಕು. ಸಿವುಡು ಕಟ್ಟಿ ಕಣಕ್ಕೆ ಸಾಗಿಸಿದ ಮೇಲೆ ಕೂಳೆಗಳ ನಡುವೆ ಬಿದ್ದ ತೆನೆಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಳ್ಳುವುದು. ಅದಕ್ಕೆ ಹಕ್ಕಲು ಆಯುವುದು ಅಂತಾರೆ. ಈಗ ಕುಯ್ಲಿನ ಮೆಷಿನ್ನು ಬಂದ ಮೇಲೆ ಆ ಮಾತು ಕೇಳುವುದೇ ಅಪರೂಪ.

ನಮ್ಮಜ್ಜಿ ಹಕ್ಕಲು ಆಯುತ್ತಿದ್ದರು. ಬೇರೆಯವರ ಗದ್ದೆಯಲ್ಲಿ. ಚಿಕ್ಕವನಿದ್ದಾಗ ನಾನೂ ಹೋಗುತ್ತಿದ್ದೆ. ಒಮ್ಮೆ ಬದುವಿನ ಮೇಲಿದ್ದ ಸಿವುಡಿನಿಂದ ನಾಲ್ಕು ತೆನೆ ಎಳೆದುಕೊಂಡೆ. ಅಜ್ಜಿ ನೋಡಿದರು. ಬೈಯಲಿಲ್ಲ. "ಬಿದ್ದುದ್ದು ನಮ್ದು ಮಗ, ಕಟ್ಟುದ್ದು ಅವ್ರ್ದು. ಮಡಗು ಅಲ್ಲೇ" ಅಂದರು, ಅಷ್ಟೇ. ಮುಂದೆ ಮೈಸೂರಿನ ಹಾಸ್ಟೆಲ್ಲಿಗೆ ಸೇರಿದ ಮೇಲೆ ಈ ವಿಷಯವನ್ನು ಯಾರಿಗೂ ಹೇಳಿರಲಿಲ್ಲ ನಾನು. ನಾಚಿಕೆ ಆಗುತ್ತಿತ್ತು. ಆ ನಾಚಿಕೆ ಬಿಟ್ಟುಹೋದದ್ದು ತೀರಾ ತಡವಾಗಿ. ಅದೂ ಎಲ್ಲಿಂದ ಅಂತೀರಿ? ಯಹೂದಿಗಳ ಧರ್ಮಶಾಸ್ತ್ರದಿಂದ!

ಯಹೂದಿಗಳಿಗೆ ಮಿಶ್ನಾ ಅಂತ ಒಂದು ದೊಡ್ಡ ಸಂಗ್ರಹವಿದೆ. ಬಾಯಿಂದ ಬಾಯಿಗೆ ಬಂದ ಕಟ್ಟಳೆಗಳನ್ನು ಕ್ರಿ.ಶ. 200ರ ಸುಮಾರಿಗೆ ಯೆಹೂದಾ ಹನಾಸಿ ಎಂಬ ಗುರು ಒಂದು ಕಡೆ ಸೇರಿಸಿದ್ದು. ಅದರಲ್ಲಿ 'ಪೇಆ' ಎನ್ನುವ ಒಂದು ಭಾಗ ಪೂರ್ತಿ ಇರುವುದು ಗದ್ದೆಯಲ್ಲಿ ಬಡವರ ಪಾಲಿನ ಬಗ್ಗೆಯೇ. ಪೇಆ ಅಂದರೆ ಗದ್ದೆಯ ಮೂಲೆ. ಕುಯ್ಲು ಮಾಡುವಾಗ ಒಂದು ಮೂಲೆ ಕುಯ್ಯದೆ ಬಿಡಬೇಕು, ಬಿದ್ದ ತೆನೆ ಎತ್ತಿಕೊಳ್ಳಬಾರದು ಎಂದು ಬೈಬಲಿನ ಯಾಜಕಕಾಂಡದಲ್ಲಿ ಆಜ್ಞೆ ಇದೆ. ಆದರೆ ಮೂಲೆ ಅಂದರೆ ಎಷ್ಟು? ಬಿದ್ದದ್ದು ಅಂದರೆ ಯಾವುದು? ಅದನ್ನು ಇತ್ಯರ್ಥ ಮಾಡಿದ್ದು ಮಿಶ್ನಾ. ಮೂಲೆಗೆ 60ರಲ್ಲಿ 1 ಪಾಲಿಗಿಂತ ಕಡಿಮೆ ಬಿಡುವಂತಿಲ್ಲ. ಒಂದೇ ಸಲಕ್ಕೆ ಕೈಯಿಂದ ಒಂದೋ ಎರಡೋ ತೆನೆ ಜಾರಿದರೆ ಅದು ಬಡವರದು, ಮೂರು ಜಾರಿದರೆ ಗದ್ದೆಯವನದು. ಕುಯ್ಯುವವನಿಗೆ ಮುಳ್ಳು ಚುಚ್ಚಿ ಕೈಬಿಟ್ಟಿದ್ದರೆ ಆಗಲೂ ಗದ್ದೆಯವನದೇ.

ಇದನ್ನು ಓದಿದಾಗ ಅಜ್ಜಿಯ ದನಿಯೇ ಕೇಳಿದಂತಾಯಿತು. ಬಿದ್ದದ್ದು ನಮ್ಮದು, ಕಟ್ಟಿದ್ದು ಅವರದು!

ಈ ಕಟ್ಟಳೆಯಲ್ಲಿ ನನಗೆ ತುಂಬ ಹಿಡಿಸಿದ ಅಂಶ ಒಂದಿದೆ. ಬಿದ್ದ ತೆನೆಯನ್ನು ಯಾರು ಆಯಬೇಕು ಎಂದು ಗೊತ್ತುಮಾಡುವ ಅಧಿಕಾರ ಗದ್ದೆಯ ಯಜಮಾನನಿಗೆ ಇಲ್ಲ. ತನಗೆ ಬೇಕಾದವರನ್ನು ಕರೆದು ಕೊಟ್ಟು ಉಪಕಾರ ಹೊರಿಸುವ ಹಾಗಿಲ್ಲ. ಅಂದರೆ ಅದು ಭಿಕ್ಷೆಯಲ್ಲ, ಪಾಲು. ಆಯುವವರು ತೆನೆಗಾಗಿ ಬಗ್ಗಿದರೆ ಸಾಕು, ಯಜಮಾನನಿಗೆ ಬಗ್ಗಬೇಕಾಗಿಲ್ಲ.

ಪಾಲು ಎಂದ ಕೂಡಲೇ ಬೆನ್ ಝೋಮಾ ನೆನಪಾಗುತ್ತಾನೆ. ಕ್ರಿ.ಶ. 2ನೇ ಶತಮಾನದವನು, ಗುರುಪಟ್ಟ ಸಿಗುವ ಮೊದಲೇ ಹೆಸರಾದ ವಿದ್ಯಾರ್ಥಿ. ಮಿಶ್ನಾದ 'ಅವೋತ್' ಭಾಗದಲ್ಲಿ ಅವನು ಸಿರಿವಂತ ಯಾರು ಎಂಬ ಪ್ರಶ್ನೆ ಹಾಕಿಕೊಂಡು, ತನ್ನ ಪಾಲಿನಲ್ಲಿ ಸಂತೋಷ ಕಾಣುವವನನ್ನೇ ಸಿರಿವಂತ ಎಂದು ಎಣಿಸುತ್ತಾನೆ. ನಮ್ಮ "ಪಾಲಿಗೆ ಬಂದದ್ದು ಪಂಚಾಮೃತ" ಗಾದೆಯೂ ಇದನ್ನೇ ಅಲ್ಲವೇ ಹೇಳುವುದು? ಆದರೆ ನಿಜ ಹೇಳಬೇಕೆಂದರೆ ನನಗೆ ಈ ಗಾದೆಯ ಮೇಲೆ ಬಹಳ ಕಾಲ ಸಿಟ್ಟಿತ್ತು. ನಮ್ಮೂರುಗಳಲ್ಲಿ ಅದನ್ನು ಹೆಚ್ಚಾಗಿ ಹೇಳುತ್ತಿದ್ದವರು ಹೊಟ್ಟೆ ತುಂಬಿದವರು, ಹೇಳಿಸಿಕೊಳ್ಳುತ್ತಿದ್ದವರು ಕೇರಿಯವರು. "ಇದ್ದುದರಲ್ಲಿ ತೃಪ್ತಿ ಪಡು" ಅಂದರೆ "ಇದ್ದಲ್ಲೇ ಇರು" ಎಂದೇ ಅರ್ಥವಾಗುತ್ತಿತ್ತು.

ಸಿಟ್ಟು ಇಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ಹೆಸರಲ್ಲೇ ಕಸುಬು ಇದೆ ನೋಡಿ, ಆಯ್ದ ಅಕ್ಕಿ. ರಾಯಚೂರು ಸೀಮೆಯ ಅಮರೇಶ್ವರದ ಕಡೆಯವರು ಇವಳೂ ಗಂಡ ಮಾರಯ್ಯನೂ. 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತು ಬಸವಣ್ಣನದು ಎಂದು ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ. ಅದು ಸಿಗುವುದು ಈ ಮಾರಯ್ಯನ ವಚನದಲ್ಲಿ.

15ನೇ ಶತಮಾನದ ಶೂನ್ಯಸಂಪಾದನೆ ಇವರ ಕಥೆಯನ್ನು ವಿಸ್ತಾರವಾಗಿ ಹೇಳುತ್ತದೆ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬೇಕೆಂದೇ ಅಂಗಳದಲ್ಲಿ ಹೆಚ್ಚಾಗಿ ಚೆಲ್ಲಿಸಲಾಗಿತ್ತು. ಲಕ್ಕಮ್ಮನಿಗೆ ನೋಡಿದ ತಕ್ಷಣ ತಿಳಿಯಿತು, ಇದು ನಮ್ಮ ಎಂದಿನ ಅಳತೆಯಲ್ಲ. ವಾಪಸು ಅಲ್ಲೇ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ಹೆಚ್ಚಿಗೆ ಬೇಕೆನ್ನುವುದು ಅರಸರ ರೋಗ, ನಮಗೇಕೆ ಎನ್ನುವ ಧಾಟಿ ಅವಳದು. ಬಡತನ ಎನ್ನುವುದು ಮನಸ್ಸು ಕೆಟ್ಟವರಿಗೆ, ಶುದ್ಧವಾಗಿ ದುಡಿಯುವವರಿಗಲ್ಲ ಎಂಬುದು ಅವಳ ವಾದ. ಮಂತ್ರಿಯ ಮನೆಯ ದಾನವನ್ನು ಅಕ್ಕಿ ಆಯುವವಳು ಬೇಡವೆಂದಳು! ಇದು ತಲೆ ತಗ್ಗಿಸಿದವರ ತೃಪ್ತಿಯೇ? ಖಂಡಿತ ಅಲ್ಲ.

ಈಗ ಇದರ ಪಕ್ಕದಲ್ಲಿ ಬೈಬಲಿನ ರೂತಳ ಕಥೆ ಇಟ್ಟು ನೋಡಿ. ಮೋವಾಬ್ ದೇಶದ ವಿಧವೆ, ಅತ್ತೆ ನೊವೊಮಿಯ ಜೊತೆ ಬೇತ್ಲೆಹೇಮಿಗೆ ಬಂದವಳು. ಬೋವಜನ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಅಲ್ಲೂ ಅದೇ ಉಪಾಯ! ಸಿವುಡುಗಳಿಂದ ಬೇಕೆಂದೇ ತೆನೆ ಎಳೆದು ಅವಳಿಗಾಗಿ ಬೀಳಿಸಿ ಎಂದು ಬೋವಜ ಆಳುಗಳಿಗೆ ಹೇಳುತ್ತಾನೆ. ರೂತಳು ಅದನ್ನು ಹಿಂದಕ್ಕೆ ಕೊಡುವುದಿಲ್ಲ. ಸಂಜೆಗೆ ಒಂದು ಏಫಾ, ಅಂದರೆ ಸುಮಾರು 22 ಲೀಟರ್ ಜವೆಗೋಧಿ ಹೊತ್ತು ಮನೆಗೆ ಬರುತ್ತಾಳೆ. ಅತ್ತೆಗೆ ಹಿಗ್ಗೋ ಹಿಗ್ಗು. ಇವತ್ತಿಗೂ ಷಾವುಓತ್ ಎಂಬ ಸುಗ್ಗಿಹಬ್ಬದಲ್ಲಿ ಯಹೂದಿಗಳು ಈ ಕಥೆಯನ್ನು ಓದುತ್ತಾರೆ.

ಹಾಗಾದರೆ ಒಬ್ಬಳು ಸರಿ, ಇನ್ನೊಬ್ಬಳು ತಪ್ಪೇ? ಉತ್ತರ ಮತ್ತೆ ಅದೇ ಪೇಆ ಭಾಗದ ಕೊನೆಯಲ್ಲಿದೆ. ಅಲ್ಲಿ ಪಡೆಯುವವರಿಗೂ ಮಿತಿ ಹಾಕಿದ್ದಾರೆ. ಎರಡು ಹೊತ್ತಿನ ಊಟ ಇದ್ದವನು ಊರಿನ ಗಂಜಿಪಾತ್ರೆಗೆ ಕೈಯೊಡ್ಡಬಾರದು. 14 ಹೊತ್ತಿನ ಊಟ, ಅಂದರೆ ಒಂದು ವಾರದ್ದು ಇದ್ದವನು ಧರ್ಮದ ಹುಂಡಿಯಿಂದ ತೆಗೆದುಕೊಳ್ಳಬಾರದು. 200 ಝೂಝ್ ಬೆಳ್ಳಿ ನಾಣ್ಯ ಕೈಯಲ್ಲಿದ್ದವನಿಗೆ ಹಕ್ಕಲಿನ ಹಕ್ಕಿಲ್ಲ. ಆದರೆ ನಿಜವಾಗಿ ಹಸಿದವನು ಬಿಂಕಕ್ಕೆ ಬೇಡವೆಂದರೆ? ಅದೂ ಪಾಪವೇ. ಹಾಗೆ ಮಾಡುವವನು ತನ್ನ ರಕ್ತವನ್ನು ತಾನೇ ಚೆಲ್ಲಿದಂತೆ ಎಂದು ಮುಂದೆ ಮೈಮೊನಿಡೀಸ್ ಬರೆದ. ರೂತಳಿಗೆ ಬೇಕಿತ್ತು, ತೆಗೆದುಕೊಂಡಳು. ಲಕ್ಕಮ್ಮನಿಗೆ ಅಂದಿನದು ಸಾಕಿತ್ತು, ಕಳಿಸಿದಳು. ಸಾಕು ಎನ್ನುವುದು ಎಲ್ಲಿ ಎಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಅವರಿಗೆ ಬೇರೆಯವರು ಹೇಳಿಕೊಡಲಿಲ್ಲ.

ಈ ಮೈಮೊನಿಡೀಸ್ (1138-1204) ಲಕ್ಕಮ್ಮನ ಶತಮಾನದವನೇ. ಆಗ ಕನ್ನಡನಾಡಿಗೂ ಯಹೂದಿಗಳಿಗೂ ವ್ಯಾಪಾರವಿತ್ತು. ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗೆ ಹೆಚ್ಚುಕಡಿಮೆ ಮಂಗಳೂರಿನಲ್ಲೇ ಇದ್ದು ಹಿತ್ತಾಳೆ, ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಅವನ ಪತ್ರಗಳು ಕೈರೋದ ಗೆನಿಜಾದಲ್ಲಿ ಸಿಕ್ಕಿವೆ. ಅವನ ಆಳು ಬೊಮ್ಮನ ಬೆನ್ನುಹತ್ತಿ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇದೇ ಹಿಂದೂ ಮಹಾಸಾಗರದ ವ್ಯಾಪಾರದಿಂದ ಮೈಮೊನಿಡೀಸನ ಮನೆಯೂ ನಡೆಯುತ್ತಿತ್ತು. ತಮ್ಮ ಡೇವಿಡ್ ರತ್ನದ ವ್ಯಾಪಾರಿ, ಅಣ್ಣ ನಿಶ್ಚಿಂತೆಯಿಂದ ಓದುತ್ತಿದ್ದ. 1168ರಲ್ಲಿ ಮುಗಿಸಿದ ಮಿಶ್ನಾ ವ್ಯಾಖ್ಯಾನದಲ್ಲಿ ಅವನು ವಿದ್ವಾಂಸರನ್ನು ಕುಟುಕಿದ್ದ. ಧರ್ಮಶಾಸ್ತ್ರ ತೋರಿಸಿ ಜನರ ಹತ್ತಿರ ದುಡ್ಡು ಕೇಳಬೇಡಿ, ದೊಡ್ಡ ಗುರು ಹಿಲ್ಲೆಲ್ ಸೌದೆ ಕಡಿಯುತ್ತಿರಲಿಲ್ಲವೇ ಎಂದು. ಆಮೇಲೆ ಡೇವಿಡ್ ಭಾರತದ ದಾರಿಯಲ್ಲಿ ಹಡಗು ಮುಳುಗಿ ಸತ್ತ. ತಮ್ಮನ ದುಡ್ಡೂ, ಬೇರೆಯವರ ದುಡ್ಡೂ ಹೋಯಿತು. ಸುಮಾರು ಒಂದು ವರ್ಷ ಮೈಮೊನಿಡೀಸ್ ಹಾಸಿಗೆ ಹಿಡಿದ. ಎದ್ದ ಮೇಲೆ ವೈದ್ಯಕೀಯ ಮಾಡಿ ಸಂಸಾರ ಸಾಕಿದ. ಹೇಳಿದ್ದನ್ನು ಬದುಕಿ ತೋರಿಸಬೇಕಾಗಿ ಬಂತು ಪಾಪ. ದಾನಕ್ಕೆ ಅವನು ಎಂಟು ಮೆಟ್ಟಿಲು ಗುರುತಿಸಿದ್ದಾನೆ. ಎಲ್ಲಕ್ಕಿಂತ ಮೇಲಿನದು ಸಾಲವೋ ಕೆಲಸವೋ ಕೊಟ್ಟು ಮನುಷ್ಯ ಮತ್ತೆ ಕೈಯೊಡ್ಡದಂತೆ ಮಾಡುವುದು. ಲಕ್ಕಮ್ಮ ಇದಕ್ಕೆ ಒಪ್ಪುತ್ತಿದ್ದಳು ಅನ್ನಿಸುತ್ತದೆ.

ಪೋಲೆಂಡಿನ ಹಸೀದಿ ಗುರು ಸಿಂಹಾ ಬೂನಿಮ್ (1765-1827) ಹೇಳಿದ್ದೆಂದು ಒಂದು ಮಾತಿದೆ. ಪ್ರತಿಯೊಬ್ಬನ ಎರಡು ಜೇಬಿನಲ್ಲಿ ಎರಡು ಚೀಟಿ ಇರಬೇಕಂತೆ. ಈ ಜಗತ್ತು ಆದದ್ದು ನನಗೋಸ್ಕರ ಎಂದು ಒಂದರಲ್ಲಿ, ನಾನು ಬರಿಯ ಮಣ್ಣು ಬೂದಿ ಎಂದು ಇನ್ನೊಂದರಲ್ಲಿ. ಹೊತ್ತು ನೋಡಿ ಬೇಕಾದ್ದನ್ನು ತೆಗೆದು ಓದಿಕೊಳ್ಳಬೇಕು. ಹಾಸ್ಟೆಲ್ಲಿನಲ್ಲಿದ್ದಾಗ ನನ್ನ ಹತ್ತಿರ ಇದ್ದದ್ದು ಎರಡನೇ ಚೀಟಿ ಮಾತ್ರ. ಅಜ್ಜಿಯ ಮಡಿಲಲ್ಲಿ ಎರಡೂ ಇದ್ದವು, ನನಗೆ ಕಂಡಿರಲಿಲ್ಲ.

ಈಗ ನನಗೆ ಅರ್ಥವಾಗಿರುವುದು ಇಷ್ಟು. ತೃಪ್ತಿ ಎನ್ನುವುದು ಮೇಲಿನವರು ಕೆಳಗಿನವರಿಗೆ ಹೇಳುವ ಬುದ್ಧಿಮಾತಲ್ಲ. ಗದ್ದೆಯವನು ಮೂಲೆ ಬಿಡದೆ ಕುಯ್ದುಕೊಂಡು, ಆಯುವವಳಿಗೆ ಪಂಚಾಮೃತದ ಗಾದೆ ಹೇಳಿದರೆ ಅದು ಮೋಸ. ಮೊದಲು ಪಾಲು ಬರಲಿ. ಆಮೇಲೆ ಸಾಕು ಎನ್ನುವ ಮಾತು ಆಯುವವಳ ಬಾಯಿಂದಲೇ ಬರಲಿ. ತನ್ನ ಬೆಲೆ ತನಗೆ ಗೊತ್ತಿದ್ದವರು ಮಾತ್ರ ಹಾಗೆ ಹೇಳಬಲ್ಲರು.

ಅಜ್ಜಿ ಈಗಿಲ್ಲ. ಇದ್ದಿದ್ದರೆ ಈ ಕಥೆಯೆಲ್ಲ ಕೇಳಿ, "ಇದ ಕಲಿಯಾಕೆ ಅಷ್ಟ್ ದೂರ ಹೋಗಿದ್ಯಾ ಮಗ?" ಅನ್ನುತ್ತಿದ್ದರೇನೋ :)

ನಿಮ್ಮ ಕಡೆ ಹಕ್ಕಲಿಗೆ ಏನಂತಾರೆ? ಬಿದ್ದ ತೆನೆ ಯಾರದು ಎನ್ನುವುದಕ್ಕೆ ನಿಮ್ಮೂರಲ್ಲೂ ಕಟ್ಟಳೆ ಇತ್ತೇ? ನಿಮ್ಮ ಅಜ್ಜಿಯರನ್ನು ಕೇಳಿ ತಿಳಿಸಿ.