ಉಳಿಯಲು ಬಂದವರ ಊರು ಮೇಲುಕೋಟೆ

ಮೇಲುಕೋಟೆಯ ರಾಜಬೀದಿಯಲ್ಲಿ ನಿಧಾನವಾಗಿ ನಡೆದು ನೋಡಿ, ಈ ಊರಿನಲ್ಲಿ ಮನೆಗಳಿಗಿಂತ ಛತ್ರಗಳೇ ಹೆಚ್ಚೇನೋ ಅನ್ನಿಸುತ್ತದೆ. ಮಠಗಳ ಛತ್ರ, ಒಂದೊಂದು ಸಮುದಾಯದ ಛತ್ರ, ಯಾವುದೋ ಕಾಲದ ವರ್ತಕ ತಂದೆತಾಯಿಯ ಹೆಸರಲ್ಲಿ ಕಟ್ಟಿಸಿದ ಛತ್ರ. ಬಾಗಿಲ ಮೇಲೆ ನಾಮ, ಅದರ ಆಚೀಚೆ ಶಂಖ ಚಕ್ರ, ಕೆಳಗೆ ಸುಣ್ಣ ಬಳಿದೂ ಬಳಿದೂ ಅಕ್ಷರ ಮುಚ್ಚಿಹೋದ ದಾನಿಯ ಕಲ್ಲು. ಕೆಲವಕ್ಕೆ ಬೀಗ ಬಿದ್ದು ಎಷ್ಟೋ ವರ್ಷವಾಗಿದೆ. ಕೆಲವು ಮದುವೆ, ಉಪನಯನ, ತಿಥಿಗಳಿಗೆ ಮಾತ್ರ ತೆರೆದುಕೊಳ್ಳುತ್ತವೆ. ಇನ್ನು ಕೆಲವು, ಪುಣ್ಯಕ್ಕೆ, ಬಂದವರಿಗೆ ಈಗಲೂ ಚಾಪೆ ಕೊಡುತ್ತವೆ.

ಅಂಥದೊಂದರಲ್ಲಿ ಉಳಿದುಕೊಳ್ಳದೆ ಈ ಊರು ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಕಾರಲ್ಲಿ ಬಂದು, ಚೆಲುವನಾರಾಯಣನಿಗೆ ಕೈಮುಗಿದು, ಕಲ್ಯಾಣಿಯ ಮುಂದೆ ಫೋಟೊ ತೆಗೆಸಿಕೊಂಡು, ಪುಳಿಯೋಗರೆ ತಿಂದು ಮಧ್ಯಾಹ್ನಕ್ಕೆ ಹೊರಟವರು ನೋಡುವುದು ದೇವಸ್ಥಾನವನ್ನು. ಊರು ಕಾಣುವುದು ಆ ಕಾರುಗಳೆಲ್ಲ ಇಳಿದುಹೋದ ಮೇಲೆ.

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಈ ಊರು ಮೈಸೂರಿನಿಂದ ಸುಮಾರು 50 ಕಿಲೋಮೀಟರು. ಕೆಳಗೆ ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಕಬ್ಬು, ಭತ್ತ ಬೆಳೆಯುವ ಹಸಿರು ನಾಡು. ಜಕ್ಕನಹಳ್ಳಿ ದಾಟಿ ರಸ್ತೆ ಏರತೊಡಗಿದರೆ ಬಂಡೆ, ಕುರುಚಲು, ಒಣಗಾಳಿ. ಯದುಗಿರಿ ಎಂಬ ಈ ಬೆಟ್ಟಸಾಲಿನ ಮಡಿಲಲ್ಲಿ, ಸಮುದ್ರಮಟ್ಟದಿಂದ 3000 ಅಡಿಗೂ ಎತ್ತರದಲ್ಲಿ ಊರು ಕೂತಿದೆ. ತಲೆಯ ಮೇಲಿನ ಬಂಡೆಗುಡ್ಡದಲ್ಲಿ ಯೋಗನರಸಿಂಹ, 300ಕ್ಕೂ ಹೆಚ್ಚು ಮೆಟ್ಟಿಲ ದಾರಿ. ಸುತ್ತಲಿನ ಕಾಡು 1974ರಿಂದ ವನ್ಯಜೀವಿಧಾಮ, ಅದೂ ಮುಖ್ಯವಾಗಿ ತೋಳಗಳಿಗಾಗಿ. ವೇದಘೋಷದ ಊರಿನ ಬೆನ್ನಿಗೇ ತೋಳದ ಕಾಡು ಇರುವುದು ಬಹಳಷ್ಟು ಯಾತ್ರಿಕರಿಗೆ ಗೊತ್ತೇ ಇರುವುದಿಲ್ಲ.

ಛತ್ರದ ವಿಚಾರಕ್ಕೆ ಬರೋಣ. ನಾನು ಉಳಿದದ್ದು ಕಲ್ಲುಕಂಬದ ಜಗಲಿಯ, ನಡುವೆ ತೊಟ್ಟಿ ಇರುವ ಹಳೆಯ ಕಟ್ಟಡ. ಕೋಣೆಗಳ ಮೇಲೆ ಮದ್ರಾಸ್ ತಾರಸಿ: ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆ ಬಡಿದದ್ದು. ಹಿಂದುಗಡೆ ಉಗ್ರಾಣ, ನೂರಾರು ಜನಕ್ಕೆ ಅಡಿಗೆ ಬೇಯಿಸಬಲ್ಲ ಕೋಡೊಲೆ, ಬಚ್ಚಲಲ್ಲಿ ಹೂತಿಟ್ಟ ತಾಮ್ರದ ಹಂಡೆ. ಹಂಡೆಗೆ ಉರಿ ಹಾಕುವುದು ಈಗ ಹಬ್ಬಕ್ಕೆ ಮಾತ್ರವಂತೆ. ಉಳಿದ ದಿನ ಪ್ಲಾಸ್ಟಿಕ್ ಬಕೆಟಿಗೆ ಇಳಿಬಿಟ್ಟ ಕಾಯಿಲ್. ನೋಡಿಕೊಳ್ಳುವಾತ ಕೆಳಗಿನ ಹಳ್ಳಿಯವರು. ಹೆಸರು, ಊರು ಬರೆದುಕೊಂಡು ರಸೀದಿ ಹರಿಯುತ್ತ ಒಂದೇ ಉಸಿರಿಗೆ ನಿಯಮವನ್ನೆಲ್ಲ ಹೇಳಿ ಮುಗಿಸಿದರು: "ಗೇಟು ಒಂಬತ್ತಕ್ಕೆ ಹಾಕ್ಬುಡ್ತೀನಿ ಸ್ವಾಮಿ, ತಡ ಆಯ್ತದೆ ಅಂದ್ರೆ ಮುಂಚೇನೇ ಹೇಳ್ಬುಡಿ. ಕಿಟಕಿ ಮಾತ್ರ ತಗೀಬ್ಯಾಡಿ, ಕೋತಿ ಬತ್ತವೆ."

ಕೋತಿಯ ಮಾತು ಉತ್ಪ್ರೇಕ್ಷೆಯಲ್ಲ. ಬೆಳಗಿನ ಜಾವ ತೊಟ್ಟಿಯ ಅಂಚಿನಲ್ಲಿ ಸಾಲಾಗಿ ಕೂತಿದ್ದವು, ಛತ್ರದ ನಿಜವಾದ ಖಾಯಂ ನಿವಾಸಿಗಳು ತಾವೇ ಎನ್ನುವ ಠೀವಿಯಲ್ಲಿ.

ಬಂದವರನ್ನು ಇಟ್ಟುಕೊಳ್ಳುವುದು ಈ ಊರಿನ ಕಸುಬಷ್ಟೇ ಅಲ್ಲ, ಊರಿನ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಚೋಳರ ನಾಡಿನಲ್ಲಿ ಇರಲಾಗದೆ ರಾಮಾನುಜಾಚಾರ್ಯರು ಹೊಯ್ಸಳ ಸೀಮೆಗೆ ಬಂದರು. ತೊಣ್ಣೂರಿನಲ್ಲಿದ್ದು, ದೊರೆ ಬಿಟ್ಟಿದೇವನ ಆಶ್ರಯ ಪಡೆದು, ಅಲ್ಲಿಂದ ಬೆಟ್ಟ ಹತ್ತಿದರು. ಹುತ್ತದಲ್ಲಿ ಹುದುಗಿದ್ದ ನಾರಾಯಣನ ಮೂರ್ತಿಯನ್ನು ಕಂಡು ಪ್ರತಿಷ್ಠೆ ಮಾಡಿಸಿದರು, ಇಲ್ಲೇ ಹನ್ನೆರಡು ವರ್ಷ ನಿಂತರು ಎನ್ನುತ್ತದೆ ಸಂಪ್ರದಾಯ. ಹಣೆಗಿಡುವ ಬಿಳಿ ಮಣ್ಣೂ ಅವರಿಗೆ ಇಲ್ಲೇ ಸಿಕ್ಕಿತಂತೆ. ಮೇಲುಕೋಟೆಯ ನಾಮದ ಮಣ್ಣು ದೂರದೂರದ ವೈಷ್ಣವರ ಹಣೆಯವರೆಗೂ ಹೋದದ್ದಂತೂ ನಿಜ.

ಅಂದರೆ ಇಷ್ಟು ದೊಡ್ಡ ಕ್ಷೇತ್ರವನ್ನು ಕಟ್ಟಿದವರು ಊರು ಬಿಟ್ಟು ಬಂದ ಒಬ್ಬ ವಲಸಿಗರು. ಉತ್ಸವಮೂರ್ತಿಯ ಕಥೆಯೂ ಅದೇ ಜಾಡಿನದು. ಚೆಲುವಪಿಳ್ಳೆ ದಿಲ್ಲಿಯ ಸುಲ್ತಾನನ ಅರಮನೆ ಸೇರಿದ್ದನಂತೆ. ಸುಲ್ತಾನನ ಮಗಳು ಬೊಂಬೆಯೆಂದು ಅವನನ್ನು ಆಡಿಸುತ್ತಿದ್ದಳಂತೆ. ರಾಮಾನುಜರು ಕರೆದಾಗ ಅವನು ನಡೆದು ಬಂದು ಅವರ ಮಡಿಲೇರಿದ. ಅವನನ್ನು ಬಿಟ್ಟಿರಲಾರದ ಹುಡುಗಿ ಹಿಂದೆಯೇ ಮೇಲುಕೋಟೆಗೆ ಬಂದು ಇಲ್ಲೇ ಐಕ್ಯಳಾದಳು. ಚರಿತ್ರೆಯ ಲೆಕ್ಕಕ್ಕೆ ಈ ಕಥೆ ಕೂಡಿಬರುವುದಿಲ್ಲ: ರಾಮಾನುಜರ ಕಾಲಕ್ಕೆ ದಿಲ್ಲಿಯಲ್ಲಿ ಸುಲ್ತಾನರೇ ಇರಲಿಲ್ಲ. ಆದರೆ ಬೀಬಿ ನಾಚ್ಚಿಯಾರ್ ಎಂಬ ಆ ಹುಡುಗಿಯ ಪುಟ್ಟ ವಿಗ್ರಹ ದೇವರ ಪಾದದ ಬಳಿ ಇದೆ, ಪೂಜೆಯೂ ನಡೆಯುತ್ತದೆ. ತುರುಕರ ಹೆಣ್ಣುಮಗಳಿಗೆ ಅಯ್ಯಂಗಾರರ ಗುಡಿಯಲ್ಲಿ ಆರತಿ ಎತ್ತುವ ಊರು ಇದು. ಕಥೆಯ ಇಸವಿಗಿಂತ ನನಗೆ ಅದು ದೊಡ್ಡದು.

ಆದರೆ ಯಾರಿಗೆ ಎಷ್ಟು ಜಾಗ ಎಂಬ ಪ್ರಶ್ನೆಗೆ ಮೇಲುಕೋಟೆ ಕೊಟ್ಟ ಉತ್ತರವೆಲ್ಲ ಇಷ್ಟು ಸುಂದರವಾಗಿಲ್ಲ. ಮೂರ್ತಿಯನ್ನು ತರುವಾಗ ರಾಮಾನುಜರಿಗೆ ನೆರವಾದವರು ಹೊಲಗೇರಿಯ ಜನ ಎನ್ನುತ್ತದೆ ಅದೇ ಕಥೆ. ಆಚಾರ್ಯರು ಅವರನ್ನು ತಿರುಕುಲತ್ತಾರ್, ಅಂದರೆ ಶ್ರೀಕುಲದವರು, ಎಂದು ಕರೆದರು. ದೇವಾಲಯ ಪ್ರವೇಶದ ಹಕ್ಕನ್ನೂ ಕೊಡಿಸಿದರು. ಎಷ್ಟು ದಿನ? ವರ್ಷಕ್ಕೆ ಮೂರು ದಿನ. ಆ ಕಾಲಕ್ಕೆ ಅದು ಕ್ರಾಂತಿಯೇ. ಆದರೆ ಆಮೇಲಿನವರು ಎಂಟು ಶತಮಾನ ಕಳೆದರೂ ಆ ಮೂರನ್ನು ನಾಲ್ಕು ಮಾಡಲಿಲ್ಲ. ಛತ್ರಗಳದ್ದೂ ಅದೇ ಹಾಡು. ಇವರಿಗೆ ಮಾತ್ರ, ಅವರಿಗೆ ಜಗಲಿ ತನಕ, ಇನ್ನುಳಿದವರಿಗೆ ಮಂಟಪ. ಬಾಗಿಲ ಮೇಲಿನ ಕಲ್ಲುಗಳಲ್ಲಿ ದಾನಿಯ ಹೆಸರಿನ ಜತೆ ಜಾತಿಯ ಹೆಸರೂ ಕಾಣುತ್ತದೆ. ನಾನಿದ್ದ ಛತ್ರದಲ್ಲಿ ಈಗ ಕೇಳುವುದು ಆಧಾರ್ ಕಾರ್ಡ್ ಮಾತ್ರ. ಆದರೂ "ಯಾವ ಕಡೆಯವರು?" ಎಂದು ಮೆಲ್ಲಗೆ ತಡವಿ ನೋಡುವ ಹಿರಿಯರು ಜಗಲಿಯಲ್ಲಿ ಒಬ್ಬರಾದರೂ ಸಿಗುತ್ತಾರೆ.

ಕರೆಯದೆ ಬಂದವರೂ ಕಡಿಮೆಯಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಹೊಯ್ಸಳ ರಾಜ್ಯದ ಜತೆಗೆ ಊರೂ ಪಾಳಾಯಿತು. ವಿಜಯನಗರದ ಮಲ್ಲಿಕಾರ್ಜುನನ ಕಾಲದಲ್ಲಿ, ನಾಗಮಂಗಲದ ತಿಮ್ಮಣ್ಣ ದಣ್ಣಾಯಕ ಇದನ್ನು ಮತ್ತೆ ಎತ್ತಿ ನಿಲ್ಲಿಸಿದ. 1458ರ ಶಾಸನದಲ್ಲಿ ಅವನ ಹೆಸರಿದೆ. 1771ರಲ್ಲಿ ಹೈದರಾಲಿಯನ್ನು ಚಿನಕುರಳಿಯಲ್ಲಿ ಸೋಲಿಸಿದ ಮರಾಠರ ಸೈನ್ಯ ಬೆಟ್ಟಕ್ಕೆ ನುಗ್ಗಿ ಲೂಟಿ ಮಾಡಿತು. ದೇವರ ರಥಗಳಿಗೆ ಬೆಂಕಿ ಇಟ್ಟರು, ಮರದ ಮೇಲಿನ ದ್ವೇಷಕ್ಕಲ್ಲ, ಅದಕ್ಕೆ ಬಡಿದಿದ್ದ ಕಬ್ಬಿಣದ ಆಸೆಗೆ. ಕೃಷ್ಣನ ಭಕ್ತರೇ ಕೃಷ್ಣನ ತೇರು ಸುಟ್ಟು ಕಬ್ಬಿಣ ಹೆಕ್ಕಿದರು! ದಂಡಿಗೆ ಧರ್ಮ ಯಾವುದು ಎಂದು ಕೇಳುವವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬಹುದು.

ಟಿಪ್ಪುವಿನ ವಿಷಯದಲ್ಲಿ ಊರು ಎರಡು ನೆನಪುಗಳನ್ನು ಇಟ್ಟುಕೊಂಡಿದೆ. ಮಂಡಯಂ ಅಯ್ಯಂಗಾರರ ಮನೆಗಳಲ್ಲಿ ನರಕಚತುರ್ದಶಿಯ ದೀಪ ಹಚ್ಚುವುದಿಲ್ಲ. ತಮ್ಮ ಕುಲದವರನ್ನು ಟಿಪ್ಪು ಅಂದು ಕೊಲ್ಲಿಸಿದ ಎಂಬುದು ಅವರ ಮನೆತನಗಳ ನೆನಪು. ಅತ್ತ ನರಸಿಂಹನ ಬೆಟ್ಟದಲ್ಲಿ ಟಿಪ್ಪು ಕೊಟ್ಟ ನಗಾರಿ ಇದೆ, ಚೆಲುವನಾರಾಯಣನ ಭಂಡಾರದಲ್ಲಿ ಅವನ ಕಾಣಿಕೆಯೆಂದು ಬರೆದ ಪಾತ್ರೆಗಳೂ ಇವೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ಭಾಷಣಕಾರರು ಕೆಳಗಿನ ಊರುಗಳಲ್ಲಿ ಸಿಗುತ್ತಾರೆ. ಇಲ್ಲಿಯವರು ಎರಡನ್ನೂ ಹೇಳಿ ಸುಮ್ಮನಾಗುತ್ತಾರೆ.

ಮೈಸೂರಿನ ಒಡೆಯರಿಗೆ ಈ ದೇವರು ಮನೆಯವನಂತೆ. ದೇವಸ್ಥಾನದ ನವರಂಗದ ಕಂಬವೊಂದರಲ್ಲಿ ಒಂದೂವರೆ ಅಡಿ ಎತ್ತರದ ಉಬ್ಬುಶಿಲ್ಪವಿದೆ: ಕೈಮುಗಿದು ನಿಂತ ರಾಜ ಒಡೆಯರು, ಪೀಠದಲ್ಲಿ ಹೆಸರು. ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ಗೆದ್ದ ದೊರೆ ಇವರೇ. ಗುಂಪಿನ ನೂಕಾಟದಲ್ಲಿ ಈ ಶಿಲ್ಪ ಯಾರಿಗೂ ಕಾಣುವುದಿಲ್ಲ, ಅರ್ಚಕರನ್ನು ಕೇಳಿದರೆ ತೋರಿಸುತ್ತಾರೆ. ರಾಜ ಒಡೆಯರು ಕೊಟ್ಟ ರತ್ನಖಚಿತ ಕಿರೀಟ ರಾಜಮುಡಿ. ಮುಮ್ಮಡಿ ಕೃಷ್ಣರಾಜರು ಕೊಟ್ಟದ್ದು ಕೃಷ್ಣರಾಜಮುಡಿ. ಇವೆರಡಕ್ಕಿಂತಲೂ ಹಳೆಯದು, ಗರುಡನೇ ತಂದನೆಂಬ ವೈರಮುಡಿ. ಅದು ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಫಾಲ್ಗುಣದ ಜಾತ್ರೆಯ ದಿನ ಪೊಲೀಸ್ ಕಾವಲಿನಲ್ಲಿ ಪೆಟ್ಟಿಗೆ ಹೊರಡುತ್ತದೆ, ದಾರಿಯ ಹಳ್ಳಿಗಳಲ್ಲಿ ಪೂಜೆ ಮಾಡಿಸಿಕೊಳ್ಳುತ್ತ ಸಂಜೆಗೆ ಬೆಟ್ಟ ಏರುತ್ತದೆ. ಹಗಲು ಬೆಳಕು ಅದರ ಮೇಲೆ ಬೀಳಕೂಡದು ಎಂಬ ನಂಬಿಕೆ, ಹಾಗಾಗಿ ಉತ್ಸವ ರಾತ್ರಿಯೇ. ಮುಡಿಸುವ ಅರ್ಚಕರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಮುಡಿಸುತ್ತಾರೆ. ಆ ರಾತ್ರಿ ಲಕ್ಷಗಟ್ಟಲೆ ಜನ ಬರುತ್ತಾರೆ. ಛತ್ರದಲ್ಲಿ ಒಂದು ಚಾಪೆಯ ಜಾಗಕ್ಕೂ ತಿಂಗಳುಗಟ್ಟಲೆ ಮುಂಚೆ ಹೇಳಿಟ್ಟಿರಬೇಕು. ಬೆಂಗಳೂರು, ಮದ್ರಾಸು, ಅಮೆರಿಕ ಸೇರಿದ ಮನೆತನಗಳವರು ಆಗ ಬೀಗ ತೆಗೆದು, ಧೂಳು ಹೊಡೆದು, ತಮ್ಮ ಮನೆಗೆ ತಾವೇ ನೆಂಟರಂತೆ ಬಂದಿರುತ್ತಾರೆ.

ಊಟದ ವಿಷಯ ಬಿಟ್ಟರೆ ಓದುಗರು ಕ್ಷಮಿಸಲಾರರು. ಬೆಳಿಗ್ಗೆ ಐದಕ್ಕೇ ಛತ್ರದ ಹಿಂದಿನ ಅಡಿಗೆಮನೆಯಲ್ಲಿ ಪುಳಿಯೋಗರೆ ಗೊಜ್ಜು ಕುದಿಯುತ್ತಿತ್ತು, ಯಾರದೋ ಮನೆಯ ಷಷ್ಟ್ಯಬ್ದಿ. ಅಡಿಗೆಯವರು ಅಗಲ ಬಾಣಲೆಯ ಮುಂದೆ ಕದಲದೆ ನಿಂತಿದ್ದರು. ಗಟ್ಟಿ ಹುಣಸೆರಸಕ್ಕೆ ಬೆಲ್ಲ, ಉಪ್ಪು, ಒಳ್ಳೆಣ್ಣೆ. ಅಂಚಿನಲ್ಲಿ ಎಣ್ಣೆ ಬಿಟ್ಟು ಬಣ್ಣ ಕಪ್ಪಾಗುವ ತನಕ ಕೈಯಾಡಿಸಬೇಕು. ಆಮೇಲೆ ಹುರಿದು ಕುಟ್ಟಿದ ಮೆಣಸು, ಮೆಂತ್ಯ, ಕೊತ್ತಂಬರಿ, ಎಳ್ಳು, ಕೊಬ್ಬರಿ. ಅನ್ನ ಆರಿದ ಮೇಲೆ ಕಲಸಿ, ಗಂಟೆಗಟ್ಟಲೆ ಬಿಡಬೇಕು. "ಬಿಸೀಲಿ ತಿಂದ್ರೆ ಅದು ಪುಳಿಯೋಗರೆ ಅಲ್ಲ ಸ್ವಾಮಿ, ಬರೀ ಹುಳಿಯನ್ನ" ಎಂದರು. ಬೀದಿಯಲ್ಲಿ ದೊನ್ನೆಗೆ ಹಾಕಿ ಕೊಡುವುದರಲ್ಲಿ ಒಳ್ಳೆಯದೂ ಉಂಟು, ಪುಡಿ ಬೆರೆಸಿದ ಅನ್ನವೂ ಉಂಟು. ಜತೆಗೆ ಸಕ್ಕರೆ ಪೊಂಗಲ್ ತೆಗೆದುಕೊಂಡರೆ ಮಧ್ಯಾಹ್ನದ ಊಟದ ಚಿಂತೆಯಿಲ್ಲ.

ಸಂಜೆ ಕಲ್ಯಾಣಿ. ಸುತ್ತಲೂ ಸಾಲುಮಂಟಪ, ಮೆಟ್ಟಿಲಿಳಿದರೆ ತಣ್ಣಗಿನ ಕಲ್ಲು. ಸಿನಿಮಾದವರು ಇದನ್ನು ಎಷ್ಟು ಸಲ ತೋರಿಸಿದ್ದಾರೆಂದರೆ ಮೊದಲ ಸಲ ಬಂದವರಿಗೂ ನೋಡಿದ ನೆನಪಾಗುತ್ತದೆ. ಮುಗಿಯದೆ ನಿಂತ ರಾಯಗೋಪುರದ ಕಂಬಗಳೂ ಹಾಗೆಯೇ. ಅಕ್ಕ ತಂಗಿ ಕೊಳ ನೋಡಲು ಮಾತ್ರ ಊರವರನ್ನು ದಾರಿ ಕೇಳಬೇಕು. ಅಕ್ಕಪಕ್ಕದ ಎರಡು ಕೊಳ, ಒಂದರ ನೀರು ಕುಡಿಯುವುದಕ್ಕೆ, ಇನ್ನೊಂದರದು ಬಟ್ಟೆಬರೆಗೆ. ಅಕ್ಕತಂಗಿಯರ ಮನಸ್ಸೇ ನೀರಿನ ಗುಣವಾಯಿತು ಎನ್ನುತ್ತಾರೆ.

ಪಕ್ಕದ ಬೀದಿಗಳಲ್ಲಿ ವಿದ್ಯೆಯ ಊರು ಇದೆ. ಸಂಸ್ಕೃತ ಪಾಠಶಾಲೆ 1854ರದ್ದು. ಕವಿ ಪು.ತಿ.ನ. 1905ರಲ್ಲಿ ಹುಟ್ಟಿದ ಮನೆ ಈಗ ಅವರ ಸ್ಮಾರಕ. ಹೋದವರು ಹತ್ತು ನಿಮಿಷವಾದರೂ ಕೂತು ಬರಬೇಕು, ಆ ಕವಿಯ ಗೋಕುಲ ಎಲ್ಲಿಯದೆಂದು ಕಣ್ಣಿಗೇ ಗೊತ್ತಾಗುತ್ತದೆ. ತಮಿಳುನಾಡಿನ ಮುಖ್ಯಮಂತ್ರಿಯಾದ ಜಯಲಲಿತಾ 1948ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ. ಸುರೇಂದ್ರ ಕೌಲಗಿ ಅವರು 1960ರಲ್ಲಿ ಇಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿ ಖಾದಿ, ಕೈಮಗ್ಗ, ಮಕ್ಕಳ ಸೇವೆಗೆ ಬಾಳು ಸವೆಸಿದರು. ನಾಮದ ಊರಿನಲ್ಲಿ ಗಾಂಧಿಯ ಚರಕಕ್ಕೂ ಜಾಗ ಸಿಕ್ಕಿತು.

ಈಗ ಆತಂಕದ ಮಾತು. ರಾಜಬೀದಿಯ ತೊಟ್ಟಿಮನೆಗಳು ಒಂದೊಂದಾಗಿ ಬೀಳುತ್ತಿವೆ. ವಾರಸುದಾರರು ಹತ್ತಾರು, ಒಬ್ಬರ ಸಹಿಗೆ ಇನ್ನೊಬ್ಬರು ಸಿಗುವುದಿಲ್ಲ. ತಾರಸಿ ಸೋರುತ್ತದೆ, ತೊಲೆಗೆ ಗೆದ್ದಲು. ಕೊನೆಗೆ ಕೆಡವಿ ಕಾಂಕ್ರೀಟಿನ ಲಾಡ್ಜು. ಮೈಸೂರಿನಲ್ಲೋ ತುಮಕೂರಿನಲ್ಲೋ ಇರುವಂಥದೇ ಗ್ರಾನೈಟು, ಅದೇ ಗಾಜು. ಕೋಣೆಯೊಳಗೆ ಬಿಸಿನೀರು ಬರುತ್ತದೆ, ಒಪ್ಪೋಣ. ಆದರೆ ಅಂಥ ಕೋಣೆಗಾಗಿ ಬೆಟ್ಟ ಹತ್ತಿ ಬರುವ ಅಗತ್ಯ ಯಾರಿಗೂ ಇಲ್ಲ. ಹಳೆಯ ಛತ್ರಕ್ಕೆ ಬೇಕಾದದ್ದು ಸೋರದ ಮಾಡು, ಒಳ್ಳೆಯ ಕಕ್ಕಸು, ಚೊಕ್ಕವಾದ ಹಾಸಿಗೆ. ಅಷ್ಟಾದರೆ ಇನ್ನೂ ನೂರು ವರ್ಷ ಬಾಳುತ್ತದೆ, ನೋಡಿಕೊಳ್ಳುವವರ ಸಂಬಳವನ್ನೂ ಸಂಪಾದಿಸುತ್ತದೆ.

ಮೇಲುಕೋಟೆಗೆ ಹೋಗುವವರು ಹಬ್ಬವಲ್ಲದ, ವಾರಾಂತ್ಯವಲ್ಲದ ದಿನ ನೋಡಿ ಹೋಗಿ. ಒಂದು ರಾತ್ರಿಯಾದರೂ ಉಳಿಯಿರಿ. ಹೊದಿಕೆ ನೀವೇ ಒಯ್ಯಿರಿ, ಬೆಟ್ಟದ ಗಾಳಿ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಕೇಳಿದಷ್ಟು ಹಣಕ್ಕಿಂತ ಸ್ವಲ್ಪ ಹೆಚ್ಚೇ ಕೊಟ್ಟು ರಸೀದಿ ಪಡೆಯಿರಿ. ನಿಮ್ಮ ಮನೆತನದ್ದೋ ಸಮುದಾಯದ್ದೋ ಛತ್ರ ಅಲ್ಲಿ ಬೀಗ ಹಾಕಿಕೊಂಡು ನಿಂತಿದ್ದರೆ, ಮುಂದಿನ ಮಳೆಗಾಲಕ್ಕೆ ಮುಂಚೆ ತಾರಸಿಗೆ ಗಾರೆ ಹಾಕಿಸಿ ಬಾಗಿಲು ತೆಗೆಸಿ. ಜಾತಿ ಕೇಳದೆ ತೆಗೆಸಿ.